ಮೊದಲು ಅಕ್ಷಬಿಂದು, ಆಮೇಲೆ ತೂತು

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಯಾರೋ ಒಬ್ಬರು ಈಗಷ್ಟೇ ಹೊಸ ಬೌಲಿಂಗ್ ಚೆಂಡು ತಂದಿದ್ದೀರಿ. ಕ್ರಿಕೆಟ್ಟಿನದಲ್ಲ, ಉರುಳಿಸಿ ಪಿನ್ನು ಬೀಳಿಸುವ ಆಟದ್ದು. ಡಬ್ಬ ಬಿಚ್ಚಿ, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದೀರಿ. ಪಳಪಳ ಹೊಳೆಯುತ್ತಿದೆ, ಬೆರಳು ತೂರಿಸುವ ತೂತು ಇನ್ನೂ ಒಂದೂ ಇಲ್ಲ. ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಉಳಿದವರೂ ಕೇಳಿಸಿಕೊಳ್ಳಿ, ನಷ್ಟವೇನಿಲ್ಲ.

ನಾಳೆ ತೂತು ಕೊರೆಯುವವರ ಹತ್ತಿರ ಹೋಗುತ್ತೀರಿ. ಹೋಗಿ ಏನು ಹೇಳುತ್ತೀರಿ? ವರ್ಷಗಟ್ಟಲೆ ಆ ಯಂತ್ರದ ಮುಂದೆ ನಿಂತವನು ನಾನು, ಕೇಳಿ ಕೇಳಿ ಸಾಕಾಗಿದೆ. ಬಂದವರು ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. “ಇದೇ ಥರ ಕೊರೆದು ಕೊಡಿ” ಅನ್ನುತ್ತಾರೆ. ಫೋಟೊದಲ್ಲಿರುವ ಚೆಂಡು ಯಾರದ್ದೋ, ಕೈ ಯಾರದ್ದೋ. ನಾನು ಕೇಳುತ್ತೇನೆ, “ನಿಮ್ಮ ಅಕ್ಷಬಿಂದು ಎಲ್ಲಿದೆ?” ಆಗ ಮುಖ ಮುಖ ನೋಡುತ್ತಾರೆ.

ಈ ಅಕ್ಷಬಿಂದು ಅಂದರೆ ಏನು? ಸೈಕಲ್ ಚಕ್ರ ನೆನಪಿಸಿಕೊಳ್ಳಿ. ಚಕ್ರ ಎಷ್ಟೇ ಜೋರಾಗಿ ತಿರುಗಲಿ, ನಡುವಿನ ಅಚ್ಚು ಇದ್ದಲ್ಲೇ ಇರುತ್ತದೆ. ಕೈಯಿಂದ ಬಿಟ್ಟ ಚೆಂಡಿನ ಪಕ್ಕದಲ್ಲೂ ಹಾಗೆ ಅಲುಗಾಡದ ಒಂದು ಬಿಂದು ಇರುತ್ತದೆ. ಬಲಗೈಯವರಿಗೆ ಹಿಡಿತದ, ಅಂದರೆ ಬೆರಳಿನ ತೂತುಗಳಿರುವ ಜಾಗದ, ಬಲಕ್ಕೆ; ಎಡಗೈಯವರಿಗೆ ಎಡಕ್ಕೆ. ಹಿಡಿತದ ನಡುಮಧ್ಯದಿಂದ ಅಡ್ಡಕ್ಕೆ ಎಷ್ಟು ಇಂಚು, ಮೇಲಕ್ಕೋ ಕೆಳಕ್ಕೋ ಎಷ್ಟು ಅಂತ ಅದನ್ನು ಅಳೆಯುತ್ತಾರೆ. ಡ್ರಿಲ್ ಮಾಡುವವರ ಬಾಯಲ್ಲಿ ಇದು ಪಾಸಿಟಿವ್ ಆಕ್ಸಿಸ್ ಪಾಯಿಂಟ್, ಚಿಕ್ಕದಾಗಿ ಪಿ.ಎ.ಪಿ. ನಿಮ್ಮದು ನಿಮಗೇ. ಪಕ್ಕದ ಮನೆಯವರದ್ದು ನಿಮಗೆ ಬರುವುದಿಲ್ಲ.

ಇನ್ನೊಂದು ಬಿಂದು ಕಾರ್ಖಾನೆಯಲ್ಲೇ ಬಂದಿರುತ್ತದೆ. ಚೆಂಡಿನ ಮೇಲೆ ಬಣ್ಣದ ಸಣ್ಣ ಚುಕ್ಕೆ ಇದೆ ನೋಡಿ, ಅದು ಪಿನ್. ಒಳಗಿರುವ ತೂಕದ ಗಟ್ಟಿ ಗುಂಡಗಿರುವುದಿಲ್ಲ. ಅದರ ತಲೆ ಎಲ್ಲಿದೆ ಅಂತ ಹೇಳುವ ಗುರುತು ಅದು. ಲೇಔಟ್, ಅಂದರೆ ತೂತು ಕೊರೆಯುವ ನಕ್ಷೆ, ಮುಖ್ಯವಾಗಿ ಇಷ್ಟೇ: ಪಿನ್ನು ನಿಮ್ಮ ಅಕ್ಷಬಿಂದುವಿನಿಂದ ಎಷ್ಟು ದೂರ?

ಚೆಂಡಿನ ಸುತ್ತಳತೆ ಹತ್ತಿರಹತ್ತಿರ 27 ಇಂಚು. ಅದರ ಕಾಲು ಭಾಗ 6¾. ಪಿನ್ನು ಅಕ್ಷಬಿಂದುವಿನ ಮೇಲೇ ಕೂತರೆ ಚೆಂಡು ಸಮಾಧಾನವಾಗಿ ಉರುಳುತ್ತದೆ. 6¾ ದೂರ ಹೋದರೂ ಸಮಾಧಾನ. ಸರಿಯಾಗಿ ಅರ್ಧಕ್ಕೆ, 3⅜ ಇಂಚಿಗೆ ಕೂತರೆ ಒಳಗಿನ ಗಟ್ಟಿಗೆ ನೆಮ್ಮದಿಯೇ ಇಲ್ಲ. ಉರುಳುತ್ತ ಉರುಳುತ್ತ ಅಕ್ಷ ಜರುಗುತ್ತದೆ. ಚೆಂಡು ಉರುಳುವ ಹಾದಿಗೆ, ಅಂದರೆ ಲೇನಿಗೆ, ಎಣ್ಣೆ ಸವರಿರುತ್ತಾರೆ. ಪ್ರತಿ ಸುತ್ತಿಗೂ ಎಣ್ಣೆ ಹತ್ತದ ಹೊಸ ಜಾಗ ನೆಲಕ್ಕೆ ತಾಗುತ್ತದೆ, ಹಿಡಿತ ಜಾಸ್ತಿಯಾಗುತ್ತದೆ, ಚೆಂಡು ತಿರುಗುತ್ತದೆ. ಇದೇ ಫ್ಲೇರ್.

ಇದು ನನಗೆ ಗೊತ್ತಾಗಿದ್ದು ದಡ್ಡತನದಿಂದ. ಆಗ ನಾನಿನ್ನೂ ಬರೀ ಆಟಗಾರ. ನನ್ನ ಗೆಳೆಯನ ಚೆಂಡು ಲೇನಿನ ಮುಕ್ಕಾಲು ದೂರ ನೆಟ್ಟಗೆ ಹೋಗಿ, ಆಮೇಲೆ ಯಾರೋ ಕರೆದ ಹಾಗೆ ಗಕ್ಕನೆ ತಿರುಗುತ್ತಿತ್ತು. ನನಗೆ ಅದೇ ಬೇಕು. ದುಡ್ಡು ಕೂಡಿಸಿ ಅದೇ ಚೆಂಡು ಕೊಂಡೆ, ಅದೇ ತೂಕ. ಅವನದ್ದರಲ್ಲಿ ಪಿನ್ನು ಉಂಗುರಬೆರಳಿನ ತೂತಿನ ಮೇಲ್ಗಡೆ. ನನ್ನದರಲ್ಲೂ ಅಲ್ಲೇ ಇಡಿಸಿದೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳಿಜವಳಿ.

ಮೊದಲ ಎಸೆತ. ಅರ್ಧ ಲೇನಿಗೇ ತಿರುಗಿ, ಬೀಳಿಸಬೇಕಾದ ಪಿನ್ನುಗಳ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಯಿತು. ಹತ್ತು ದಿನ ಲೇನಿನ ಎಣ್ಣೆಯನ್ನು ಬೈದೆ, ಶೂ ಬೈದೆ, ನನ್ನ ಮಣಿಕಟ್ಟನ್ನೂ ಬೈದೆ. ಕೊನೆಗೆ ಒಬ್ಬ ಹಳೇ ಡ್ರಿಲ್ಲರ್ ಹಿಂದೆ ಕೂತು ನೋಡಿ, “ಚೆಂಡು ಆಮೇಲೆ ನೋಡೋಣ, ಮೊದಲು ನೀನು ಹೇಗೆ ಬಿಡುತ್ತೀಯ ತೋರಿಸು” ಅಂದರು. ಚೆಂಡು ಒರೆಸಿ ಕೊಟ್ಟರು. ಎಸೆದೆ. ವಾಪಸ್ ಬಂದ ಚೆಂಡಿನ ಮೇಲೆ ಎಣ್ಣೆಯ ಉಂಗುರಗಳು. ಅದರಲ್ಲಿ ಮೊದಲ ಗೆರೆ ಹಿಡಿದು, ಬಾಗಿದ ಪಟ್ಟಿಯಲ್ಲಿ ಅಳೆದು, ಉಗುರಿನಷ್ಟು ಬಿಳಿ ಟೇಪಿನ ಚೂರು ಅಂಟಿಸಿದರು. “ಈಗ ಎಸಿ.” ಚೂರು ಗಾಳಿಯಲ್ಲಿ ಸಣ್ಣ ಸುತ್ತು ಹಾಕಿತು. “ಉಹ್ಞೂಂ” ಅಂದರು, ಒಂದು ಬೆರಳಿನಷ್ಟು ಜರುಗಿಸಿದರು. ಮತ್ತೆ ಎಸೆದೆ. ಇನ್ನೂ ಸ್ವಲ್ಪ ಅಲುಗಾಟ. ಮೂರನೇ ಸಲ ಚೆಂಡು ತಿರುಗುತ್ತಿದೆ, ಬಿಳಿ ಚೂರು ಮಾತ್ರ ಮೊಳೆ ಹೊಡೆದ ಹಾಗೆ ನಿಂತಿದೆ! ನನಗಂತೂ ಮೈ ಜುಮ್ಮೆಂದಿತು, ಇವತ್ತೂ ಜುಮ್ಮೆನ್ನುತ್ತದೆ.

ಅಳೆದರೆ ನನ್ನದು ಹಿಡಿತದ ನಡುವಿನಿಂದ 4 ಇಂಚು. ಗೆಳೆಯನದು 5½. ಅಂದರೆ ಅವನ ಅಕ್ಷಬಿಂದುವಿಗೂ ಪಿನ್ನಿಗೂ ಸುಮಾರು 5¼ ಇಂಚು ದೂರ. ನನ್ನದಕ್ಕೆ 4½ ಕೂಡ ಇಲ್ಲ. 3⅜ರ ಕಡೆ ಜಾರಿಬಿಟ್ಟಿದ್ದೆ, ಅದಕ್ಕೇ ಆ ಅವಸರ. ಅವನ 5¼ ನನಗೆ ಸಿಗಬೇಕಿದ್ದರೆ ಪಿನ್ನು ಉಂಗುರಬೆರಳಿನ ಮೇಲಲ್ಲ, ನಡುಬೆರಳಿನ ಮೇಲೆ ಬರಬೇಕಿತ್ತು. “ಫೋಟೊ ಒಂದೇ, ಲೇಔಟ್ ಬೇರೆ ಕಣಯ್ಯ” ಅಂದರು ಅವರು. ನೋಡಿ, ನಾನು ಹೇಳಬೇಕಾದ್ದನ್ನೆಲ್ಲ ಅವರು ಐದೇ ಪದದಲ್ಲಿ ಹೇಳಿಬಿಟ್ಟರು.

ಸಮಯ ನಾನೇ ತಿಂದುಬಿಟ್ಟೆ. ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ.

ತಪ್ಪಾದರೆ ಇನ್ನೊಂದು ತೂತು ಕೊರೆದು ಸರಿಮಾಡಬಹುದು ಅಂತ ಕೆಲವರು ಈಗಲೂ ಅಂದುಕೊಂಡಿದ್ದಾರೆ. ತೂಕ ಸರಿದೂಗಿಸುವ ಆ ಬ್ಯಾಲೆನ್ಸ್ ಹೋಲನ್ನು ಅಮೆರಿಕದಲ್ಲಿ ಈ ಆಟದ ನಿಯಮ ಮಾಡುವ ಸಂಸ್ಥೆ ಯು.ಎಸ್.ಬಿ.ಸಿ. 2020ರ ಆಗಸ್ಟ್ 1ರಿಂದ ನಿಷೇಧಿಸಿದೆ. ಅವರ ನಿಯಮದ ಸ್ಪರ್ಧೆ ಆಡುವವರು ತೂಕ ಸರಿಮಾಡಲು ಬೇರೆ ತೂತು ಕೊರೆಯುವ ಹಾಗಿಲ್ಲ. ಅದಕ್ಕೇ ಮೊದಲೇ ಅಳೆಸಿ ಅನ್ನುತ್ತಿರುವುದು.

ಡ್ರಿಲ್ಲಿಂಗ್ ಆಂಗಲ್, ವಾಲ್ ಆಂಗಲ್ ಅಂತ ಇನ್ನೆರಡು ಕೋನಗಳಿವೆ. ಚೆಂಡು ಬೇಗ ಉರುಳಬೇಕಾ ತಡವಾಗಿಯಾ, ಮೆಲ್ಲಗೆ ಬಾಗಬೇಕಾ ಗಕ್ಕನೆ ತಿರುಗಬೇಕಾ, ಅದರ ಲೆಕ್ಕ. ನಿಮಗೆ ತಲೆಬಿಸಿ ಬೇಡ. ಅಕ್ಷಬಿಂದು ಸಿಕ್ಕಿದ್ದರೆ ಅದನ್ನು ಡ್ರಿಲ್ಲರ್ ನೋಡಿಕೊಳ್ಳುತ್ತಾರೆ. ಸಿಗದಿದ್ದರೆ ಆ ಕೋನ ಅಳೆಯುವುದಾದರೂ ಎಲ್ಲಿಂದ?

ಹೆಬ್ಬೆರಳಿನ ತೂತು ಬಿಗಿಯಾಗಿದ್ದರೆ, ಸ್ಪ್ಯಾನ್, ಅಂದರೆ ಹೆಬ್ಬೆರಳಿನ ತೂತಿಗೂ ಬೆರಳಿನ ತೂತಿಗೂ ನಡುವಿನ ದೂರ, ಉದ್ದವಾಗಿದ್ದರೆ ಯಾವ ಲೇಔಟೂ ಕೆಲಸ ಮಾಡುವುದಿಲ್ಲ. ಇನ್ನು ಚೆಂಡಿನ ಮೇಲ್ಮೈ. ಅದನ್ನು ಒರಟಾದ ಪ್ಯಾಡಿನಲ್ಲಿ ಉಜ್ಜಿದರೆ ಬೇಗ ಹಿಡಿಯುತ್ತದೆ, ಪಾಲಿಶ್ ಮಾಡಿದರೆ ಮುಂದಕ್ಕೆ ಜಾರುತ್ತದೆ. ನಿಜ ಹೇಳಬೇಕೆಂದರೆ ಇದರ ಕೈವಾಡ ಲೇಔಟಿಗಿಂತ ಜಾಸ್ತಿ. ಆದರೆ ಉಜ್ಜಿದ್ದನ್ನು ನಾಳೆ ಮತ್ತೆ ಉಜ್ಜಬಹುದು. ತೂತು ಹಾಗಲ್ಲ ಅಲ್ವಾ?

ಆ ಹೊಸ ಚೆಂಡನ್ನು ಸದ್ಯಕ್ಕೆ ಡಬ್ಬದಲ್ಲೇ ಇಡಿ. ನಾಳೆ ಹಳೇ ಚೆಂಡು ತಗೊಂಡು ಹೋಗಿ, ಜೇಬಿನಲ್ಲಿ ಒಂದು ಚೂರು ಬಿಳಿ ಟೇಪ್ ಇರಲಿ. ಫೋನ್ ಮನೆಯಲ್ಲೇ ಬಿಟ್ಟು ಹೋದರೂ ಪರವಾಗಿಲ್ಲ. ನಮಸ್ಕಾರ.