ಟೈಲ್ಸ್ ಕೂರಿಸುವ ಮುನ್ನ: ಶವರ್ ಮತ್ತು ಬೇಸಿನ್ ಪೈಪುಗಳ ಜೋಡಣೆ

ಕೇಳುಗರಿಗೆ ನಮಸ್ಕಾರ.

ಹಳೆಯ ಸ್ನಾನದ ಮನೆಯನ್ನು ಒಡೆದು ಹೊಸದು ಮಾಡಿಸುವವರು ಟೈಲ್ಸಿನ ಬಣ್ಣ, ನಲ್ಲಿಯ ಹೊಳಪು, ಕನ್ನಡಿಯ ಅಳತೆಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಆದರೆ ಶವರಿನ ನೀರೂ ಬೇಸಿನ್ನಿನ ನೀರೂ ನೆಲದಡಿಯಲ್ಲಿ ಎಲ್ಲಿ ಕೂಡಬೇಕೆಂಬುದನ್ನು ಪ್ಲಂಬರ್ ಬಂದ ದಿನ ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಡುತ್ತಾರೆ. ನೆಲ ಅಗೆದು ಪೈಪುಗಳು ಕಣ್ಣಿಗೆ ಕಾಣುವಂತಿರುವುದು ಕೆಲವೇ ದಿನ. ಆ ದಿನಗಳಲ್ಲಿ ನೋಡಿಕೊಳ್ಳಬೇಕಾದ ಸಂಗತಿಗಳನ್ನು ಈ ಹೊತ್ತು ಹೇಳುತ್ತೇನೆ.

ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆಗೆ ಟ್ರ್ಯಾಪ್ ಎನ್ನುತ್ತಾರೆ. ಅದರ ತಗ್ಗಿನಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರಿನಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ಕೆಟ್ಟ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಗಡಿಯಾರ ತಯಾರಕನಾಗಿದ್ದ ಅಲೆಕ್ಸಾಂಡರ್ ಕಮ್ಮಿಂಗ್ 1775ರಲ್ಲಿ ಶೌಚಾಲಯಕ್ಕಾಗಿ ಇಂಥ ಬಾಗಿದ ಕೊಳವೆಗೆ ಪೇಟೆಂಟ್ ಪಡೆದನು, ಮತ್ತು ಇಂದಿಗೂ ನಾವು ನೆಚ್ಚಿಕೊಂಡಿರುವುದು ಅದೇ ಉಪಾಯವನ್ನು. ಶವರಿಗೂ ಬೇಸಿನ್ನಿಗೂ ತಮ್ಮ ತಮ್ಮದೇ ಟ್ರ್ಯಾಪ್ ಇರಬೇಕು, ಮತ್ತು ಎರಡೂ ಪೈಪುಗಳು ಕೂಡುವುದು ಆ ಟ್ರ್ಯಾಪುಗಳನ್ನು ದಾಟಿದ ಮೇಲೆಯೇ. ಬೇಸಿನ್ನಿನ ಟ್ರ್ಯಾಪಿನಿಂದ ಬಂದ ನೀರನ್ನು ಮತ್ತೆ ಶವರಿನ ಟ್ರ್ಯಾಪಿಗೆ ಇಳಿಸಿದರೆ ಎರಡರ ನಡುವೆ ಗಾಳಿ ಸಿಕ್ಕಿಬಿದ್ದು, ನೀರು ತಡೆತಡೆದು ಹರಿಯುತ್ತದೆ.

ಜೋಡಣೆಯ ನಿಜವಾದ ಕಷ್ಟ ಇರುವುದು ಗಾಳಿಯಲ್ಲಿ. ತುಂಬಿದ ಬೇಸಿನ್ನಿನ ಬಿರಡೆ ತೆಗೆದಾಗ ನೀರು ಪೈಪಿನ ಬಾಯಿ ತುಂಬ ಹರಿದು, ತನ್ನ ಹಿಂದಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಆ ಸೆಳೆತಕ್ಕೆ ಬೇರೆ ಕಡೆಯಿಂದ ಗಾಳಿ ಒದಗದಿದ್ದರೆ ಅದು ಶವರಿನ ಟ್ರ್ಯಾಪಿನ ನೀರನ್ನೇ ಹೀರಿಕೊಳ್ಳುತ್ತದೆ. ಮುಖ ತೊಳೆದ ಮೇಲೆ ಶವರಿನ ಜಾಲರಿಯಿಂದ ಗೊಳಗೊಳ ಸದ್ದು ಕೇಳಿಸುವುದು ಈ ಕಾರಣಕ್ಕೆ, ಮತ್ತು ವಾಸನೆ ಬರತೊಡಗುವುದು ಅದರ ಬೆನ್ನಿಗೇ. ಎಷ್ಟೋ ಮನೆಗಳಲ್ಲಿ ವಾಸನೆಗೆ ಫಿನಾಯಿಲ್ ಸುರಿಯುತ್ತಾರೆ, ಪಾಪ, ತಪ್ಪು ಇರುವುದು ಪೈಪಿನ ಕೂಡುವಿಕೆಯಲ್ಲಿ.

ಇದಕ್ಕೆ ಪರಿಹಾರವೆಂದರೆ ಎರಡೂ ಕೂಡಿದ ನಂತರದ ಪೈಪು ದೊಡ್ಡದಾಗಿರಬೇಕು. ಬೇಸಿನ್ನಿನದು 32 ಮಿಲಿಮೀಟರ್, ಶವರಿನದು 40 ಮಿಲಿಮೀಟರ್ ಇದ್ದರೆ, ಅಲ್ಲಿಂದ ಮುಂದಕ್ಕೆ 50 ಮಿಲಿಮೀಟರಿನ ಪೈಪು ಹಾಕಿಸುವುದು ಒಳ್ಳೆಯದು; ನೀರು ಹರಿಯುವ ದಿಕ್ಕಿನಲ್ಲಿ ಪೈಪು ಎಲ್ಲಿಯೂ ಕಿರಿದಾಗಕೂಡದು. ದಾರಿ ಉದ್ದವಾಗಿದ್ದರೆ ಗಾಳಿಯ ಕೊಳವೆಯನ್ನೋ ಗಾಳಿಯನ್ನು ಒಳಗೆ ಮಾತ್ರ ಬಿಡುವ ವಾಲ್ವನ್ನೋ ಜೋಡಿಸಬೇಕು. ಇಂಗ್ಲಿಷಿನ T ಅಕ್ಷರದಂತೆ ನೇರವಾಗಿ ಕೂಡುವ ಟೀ ಜೋಡಣೆ ಬಳಸಿದರೆ ಬೇಸಿನ್ನಿನ ನೀರು ಪೈಪಿನ ಎದುರು ಬದಿಗೆ ಬಡಿದು ಶವರಿನ ಕಡೆಗೂ ನುಗ್ಗುತ್ತದೆ. ಹರಿವಿನ ದಿಕ್ಕಿಗೆ ಓರೆಯಾಗಿ ಸೇರುವ ವೈ ಜೋಡಣೆಯೇ ಇಲ್ಲಿ ಸರಿ.

ವಾಟದ ವಿಷಯದಲ್ಲಿ ಮೀಟರಿಗೆ 20ರಿಂದ 25 ಮಿಲಿಮೀಟರ್ ಇಳಿಜಾರು ಸಾಕು. ಶವರಿನ ಟ್ರ್ಯಾಪ್ ನೆಲಕ್ಕಿಂತ ಕೆಳಗೆ ಕೂರುವುದರಿಂದ ಅದರ ಪೈಪಿಗೆ ಎತ್ತರ ಉಳಿಯುವುದೇ ಕಡಿಮೆ. ಹಾಗಾಗಿ ಮೊದಲು ಶವರಿನ ಸಾಲಿನ ಮೇಲೆ ರಸಮಟ್ಟ ಇಟ್ಟು ನೋಡಿ, ಬೇಸಿನ್ನಿನದನ್ನು ಅದಕ್ಕೆ ಹೊಂದಿಸಬೇಕು.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಣದಾಗಿಯೇ ಜೋಡಿಸಿ, ಪೈಪು ಎಷ್ಟು ಒಳಗೆ ಹೋಗಬೇಕೆಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿಸಿ. ಕತ್ತರಿಸಿದ ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಎಳೆಯನ್ನು ಉಗುರಿನಿಂದ ಸವರಿ ನೋಡಿದರೆ ಗೊತ್ತಾಗುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಮುಂದೆ ಕೂದಲು ಸಿಕ್ಕಿಕೊಳ್ಳುವುದು ಅಲ್ಲೇ. ಅಂಟು ಹಚ್ಚಿ, ಪೈಪನ್ನು ಸ್ವಲ್ಪ ತಿರುಗಿಸುತ್ತ ಗುರುತಿನವರೆಗೆ ತಳ್ಳಿ, ಅರ್ಧ ನಿಮಿಷ ಕೈಬಿಡದೆ ಹಿಡಿದಿರಬೇಕು. ಪಿವಿಸಿ ಪೈಪಿಗೆ ಈ ಅಂಟು ಹಿಡಿಯುತ್ತದೆ, ಪಾಲಿಪ್ರೊಪಿಲೀನ್ ಪೈಪಿಗೆ ಹಿಡಿಯುವುದಿಲ್ಲ. ಅದಕ್ಕೆ ರಬ್ಬರ್ ಉಂಗುರದ ಜೋಡಣೆಯೇ ಬೇಕು.

ಅಂಟು ಪೂರ್ತಿ ಒಣಗಿದ ಮೇಲೆ ಪರೀಕ್ಷೆ. ಆ ಹೊತ್ತಿಗೆ ಬೇಸಿನ್ ಕೂರಿಸಿರದಿದ್ದರೆ ಅದರ ಪೈಪಿಗೆ ಒಂದು ಬಕೆಟ್ ನೀರನ್ನು ಒಮ್ಮೆಗೇ ಸುರಿಸಿ, ನೀವು ಶವರಿನ ಜಾಲರಿ ತೆಗೆದು ಟಾರ್ಚ್ ಬಿಟ್ಟು ನೋಡುತ್ತಿರಿ. ಟ್ರ್ಯಾಪಿನ ನೀರು ಕೊಂಚ ನಡುಗಿ ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನಿಂತರೆ ಕೆಲಸ ಸರಿಯಾಗಿದೆ. ಒಂದು ಬೆರಳಿನಷ್ಟು ತಗ್ಗಿದರೂ ಟೈಲ್ಸಿನವರನ್ನು ಒಂದು ದಿನ ತಡೆದು, ಗಾಳಿಯ ದಾರಿಯನ್ನು ಸರಿಪಡಿಸಿಕೊಳ್ಳಿ. ಆಮೇಲೆ ಪಕ್ಕದಲ್ಲಿ ಅಳತೆಯ ಟೇಪು ಹಾಸಿ ಪೈಪುಗಳ ಫೋಟೋ ತೆಗೆದಿಟ್ಟುಕೊಂಡು ನೆಲ ಮುಚ್ಚಿಸಿ. ನಮಸ್ಕಾರ.