ಕೈಪಿಡಿಯಲ್ಲಿ ತಪ್ಪಿದ ಒಂದು ಪದ

ಕೇಳುಗರಿಗೆ ನಮಸ್ಕಾರ.

ಪರದೆಯ ಮೇಲೆ ಗೆರೆ, ವೃತ್ತ, ಬಣ್ಣಗಳನ್ನು ಮೂಡಿಸಲು ಪ್ರೋಗ್ರಾಮರುಗಳು ಸಾಮಾನ್ಯವಾಗಿ ಸಿದ್ಧ ಗ್ರಾಫಿಕ್ಸ್ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಸಂಗ್ರಹಗಳನ್ನು, ಬಳಸುತ್ತಾರೆ. ಅವುಗಳ ಒಳಗಿನ ಕೋಡನ್ನು ಬಹುಪಾಲು ಮಂದಿ ತೆರೆದು ನೋಡುವುದಿಲ್ಲ. ಅವರು ನಂಬುವುದು ಕೈಪಿಡಿಯನ್ನು. ಹೀಗಾಗಿ ಕೈಪಿಡಿಯಲ್ಲಿ ನುಸುಳಿದ ಸಣ್ಣ ಪದದೋಷವನ್ನು ತಿದ್ದುವುದು ಕೋಡಿನ ದೋಷವನ್ನು ತಿದ್ದುವಷ್ಟೇ ಹೊಣೆಯ ಕೆಲಸವೆಂದು ನಾನು ತಿಳಿದಿದ್ದೇನೆ.

ಚಿತ್ರವನ್ನು ತಿರುಗಿಸುವ ಕೋಡಿನ ತುಣುಕನ್ನೇ, ಅಂದರೆ ಫಂಕ್ಷನ್ನನ್ನೇ ನೋಡೋಣ. 1992ರಲ್ಲಿ ಬಂದ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್‌ನ ಹಳೆಯ ಫಂಕ್ಷನ್ ಕೋನವನ್ನು ಡಿಗ್ರಿಯಲ್ಲಿ ಕೇಳಿದರೆ, ಕೈರೋ ಎಂಬ ಲೈಬ್ರರಿಯದು ರೇಡಿಯನ್‌ನಲ್ಲಿ ಕೇಳುತ್ತದೆ. ಒಂದು ರೇಡಿಯನ್ ಎಂದರೆ ಸುಮಾರು 57 ಡಿಗ್ರಿ. ಕೈಪಿಡಿ ಬರೆಯುವವರು ‘ಕೋನ’ ಎಂದಷ್ಟೇ ಬರೆದು ಅಳತೆಯ ಮಾನವನ್ನು ಬಿಟ್ಟರೆ, ಡಿಗ್ರಿಗೆ ಒಗ್ಗಿದ ಓದುಗರು 90 ಎಂದು ಕೊಡುತ್ತಾರೆ. ಕೈರೋ ಅದನ್ನು ರೇಡಿಯನ್ ಎಂದೇ ಎಣಿಸಿ, 14 ಪೂರ್ಣ ಸುತ್ತುಗಳ ಮೇಲೆ ಇನ್ನೂ ಸುಮಾರು 117 ಡಿಗ್ರಿಯಷ್ಟು ತಿರುಗಿಸಿಬಿಡುತ್ತದೆ. ದೋಷಸೂಚನೆ ಏನೂ ಬರುವುದಿಲ್ಲ. ಚಿತ್ರ ಓರೆಯಾಗಿ ನಿಂತಿರುತ್ತದೆ, ಪ್ರೋಗ್ರಾಂ ಬರೆದವರು ತಮ್ಮದೇ ಲೆಕ್ಕವನ್ನು ಅನುಮಾನಿಸುತ್ತ ಕೂರುತ್ತಾರೆ.

ತಿರುಗುವ ದಿಕ್ಕಿನ ಮಾತು ಇನ್ನೂ ಸೂಕ್ಷ್ಮ. ‘ಗಡಿಯಾರದ ಮುಳ್ಳಿನಂತೆ’ ಎಂಬ ವಿವರಣೆ ವೈ ಅಕ್ಷ ಕೆಳಮುಖವಾಗಿರುವ ತನಕ ಸರಿ. ಬಳಕೆದಾರರು ಅಕ್ಷವನ್ನು ಮೇಲ್ಮುಖ ಮಾಡಿದೊಡನೆ ಅದೇ ಮಾತು ತಪ್ಪಾಗುತ್ತದೆ. ‘ಎಕ್ಸ್ ಅಕ್ಷದ ಧನ ದಿಕ್ಕಿನಿಂದ ವೈ ಅಕ್ಷದ ಧನ ದಿಕ್ಕಿನ ಕಡೆಗೆ’ ಎಂದು ತಿದ್ದಿದರೆ ವಾಕ್ಯ ಉದ್ದವಾಗುತ್ತದೆ, ನಿಜ, ಆದರೆ ಎರಡೂ ಸಂದರ್ಭಗಳಿಗೆ ಸಲ್ಲುತ್ತದೆ.

ಬಣ್ಣದಲ್ಲೂ ಹೀಗೆಯೇ. ಕೈರೋದ 32 ಬಿಟ್ ಪಾರದರ್ಶಕ ನಮೂನೆಯಲ್ಲಿ ಬಣ್ಣದ ಬೆಲೆಗಳನ್ನು ಅಪಾರದರ್ಶಕತೆಯ ಬೆಲೆಯಿಂದ ಮೊದಲೇ ಗುಣಿಸಿಟ್ಟಿರಬೇಕು. ಅರೆಪಾರದರ್ಶಕ ಅಚ್ಚ ಕೆಂಪಿಗೆ ಕೆಂಪಿನ ಬೆಲೆ ಪೂರ್ಣ ಬೆಲೆಯಾದ 255 ಅಲ್ಲ, ಅದರ ಸುಮಾರು ಅರ್ಧವಾದ 128. ‘ಮೊದಲೇ ಗುಣಿಸಿದ’ ಎಂಬ ವಿಶೇಷಣವೊಂದು ಬಿಟ್ಟುಹೋದರೆ ಈ ಸಂಗತಿ ಓದುಗರಿಗೆ ತಲುಪುವುದೇ ಇಲ್ಲ.

ತಿದ್ದುವವರು ಮೊದಲು ಮೂಲ ಕೋಡನ್ನು ಓದಬೇಕು, ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಫಲಿತಾಂಶವನ್ನು ಕಣ್ಣಾರೆ ನೋಡಬೇಕು. ಏಕೆಂದರೆ ಕೆಲವೊಮ್ಮೆ ಕೈಪಿಡಿಯೇ ಸರಿಯಿದ್ದು ಕೋಡ್ ತಪ್ಪಿರುತ್ತದೆ. ಆಗ ವಾಕ್ಯವನ್ನು ಕೋಡಿಗೆ ಹೊಂದಿಸಿದರೆ ನಿಜವಾದ ದೋಷ ಮುಚ್ಚಿಹೋಗುತ್ತದೆ. ‘ಮಾಡಲೇಬೇಕು’ ಎಂಬುದನ್ನು ‘ಮಾಡುವುದು ಒಳ್ಳೆಯದು’ ಎಂದು ಮೃದುಗೊಳಿಸುವ ಮುನ್ನವಂತೂ ಎರಡು ಸಲ ಯೋಚಿಸಬೇಕು, ಅದು ನಿಯಮವನ್ನೇ ಬದಲಿಸುತ್ತದೆ. ಒಂದು ಫಂಕ್ಷನ್ನಿನ ವಿವರಣೆಯನ್ನು ನಕಲು ಮಾಡಿ ಅದರ ಜೊತೆಯ ಫಂಕ್ಷನ್ನುಗಳಿಗೂ ಅಂಟಿಸಿರುವುದು ಸಾಮಾನ್ಯವಾದ್ದರಿಂದ, ಅದೇ ತಪ್ಪು ಬೇರೆಡೆ ಇದೆಯೇ ಎಂದು ಹುಡುಕಬೇಕು. ಅನೇಕ ಲೈಬ್ರರಿಗಳಲ್ಲಿ ಕೈಪಿಡಿಯ ಪುಟಗಳು ಮೂಲ ಕೋಡಿನ ಟಿಪ್ಪಣಿಗಳಿಂದಲೇ ತಯಾರಾಗುತ್ತವೆ. ಅಲ್ಲಿ ಟಿಪ್ಪಣಿಯನ್ನು ತಿದ್ದದೆ ಪುಟವನ್ನು ಮಾತ್ರ ತಿದ್ದಿದರೆ ಮುಂದಿನ ಸಲ ಹಳೆಯ ವಾಕ್ಯವೇ ಮರಳಿ ಬರುತ್ತದೆ.

ಕಳುಹಿಸುವ ತಿದ್ದುಪಡಿಯಲ್ಲಿ ಆ ಒಂದು ತಪ್ಪಿನ ಹೊರತು ಬೇರೇನನ್ನೂ ಮುಟ್ಟದೆ, ಹಳೆಯ ಮಾತು ಏಕೆ ತಪ್ಪು, ಕೋಡಿನ ಯಾವ ಸಾಲು ಅದಕ್ಕೆ ಸಾಕ್ಷಿ ಎಂಬುದನ್ನು ಜೊತೆಯಲ್ಲೇ ಬರೆದರೆ, ಲೈಬ್ರರಿಯನ್ನು ನೋಡಿಕೊಳ್ಳುವವರು ಅದನ್ನು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಿ ಸೇರಿಸಿಕೊಳ್ಳಬಹುದು.

ನಮಸ್ಕಾರ.