ಸೊನ್ನೆ ಎಲ್ಲಿದೆ? ಹಳೆಯ ಬೈಕಿನ ಎಂಜಿನ್‌ಗೆ ಟೈಮಿಂಗ್ ಕೂರಿಸುವ ಬಗೆ

ನಮಸ್ಕಾರ ವೀಕ್ಷಕರೇ. ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ, ಕೈಪಿಡಿ ಹೇಳಿದಷ್ಟೇ ಡಿಗ್ರಿಗೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಇಟ್ಟ ಮೇಲೂ ಹಳೆಯ ಸಿಂಗಲ್ ಸಿಲಿಂಡರ್ ಬೈಕು ಕಿಕ್ ಹೊಡೆದವರ ಕಾಲನ್ನೇ ತಿರುಗಿ ಒದೆಯುವುದೇಕೆ ಎಂಬುದು ಇಂದಿನ ಪ್ರಶ್ನೆ. ನಾನು ಕಂಡಂತೆ ಇಂಥ ತಪ್ಪು ಹೆಚ್ಚಾಗಿ ಪಾಯಿಂಟ್‌ನಲ್ಲಿ, ಅಂದರೆ ತೆರೆದೊಡನೆ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚಿನಲ್ಲಿ, ಇರುವುದಿಲ್ಲ. ಅಳತೆ ಎಲ್ಲಿಂದ ಶುರುವಾಯಿತೋ ಆ ಸೊನ್ನೆಯಲ್ಲೇ ಇರುತ್ತದೆ.

ಕಿಡಿ ಹಾರಿದೊಡನೆ ಸಿಲಿಂಡರಿನೊಳಗಿನ ಮಿಶ್ರಣವೆಲ್ಲ ಒಮ್ಮೆಲೇ ಉರಿದುಬಿಡುವುದಿಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಸೆಕೆಂಡಿಗೆ 18,000 ಡಿಗ್ರಿ ಕ್ರಮಿಸುವುದರಿಂದ, ಉರಿ ಹರಡಲು ಬರೀ 2 ಮಿಲಿಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಅದು 36 ಡಿಗ್ರಿ ಮುಂದೆ ಹೋಗಿರುತ್ತದೆ. ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ತೀರಾ ಬೇಗ ಹಾರಿದರೆ ಉರಿ ಪಿಸ್ಟನ್ನನ್ನು ಹಿಂದಕ್ಕೇ ತಳ್ಳಿ ಕಿಕ್ ತಿರುಗಿ ಒದೆಯುತ್ತದೆ. ಆ ಮೇಲ್ತುದಿಯೇ ನಮ್ಮ ಅಳತೆಯ ಸೊನ್ನೆ. ಅದಕ್ಕಿಂತ ಎಷ್ಟು ಡಿಗ್ರಿ ಮುನ್ನ ಎಂಬುದನ್ನು ನಿಮ್ಮ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

[ದೃಶ್ಯ: ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ, ಪಕ್ಕದಲ್ಲಿ ಬಗ್ಗಿಸಿದ ತಂತಿಯ ಮುಳ್ಳು]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಪ್ಲಗ್ ತೂತಿನೊಳಗೆ ಕಡ್ಡಿ ಇಳಿಬಿಟ್ಟು, ಅದು ಎಲ್ಲಿ ಏರುವುದನ್ನು ನಿಲ್ಲಿಸಿತೋ ಅದೇ ಮೇಲ್ತುದಿ ಎಂದು ಗುರುತು ಹಾಕುವವರು ಬಹಳ ಮಂದಿ. ಆದರೆ ಮೇಲ್ತುದಿಯ ಹತ್ತಿರ ಪಿಸ್ಟನ್ ಚಲಿಸುವುದೇ ಇಲ್ಲವೆನ್ನುವಷ್ಟು ನಿಧಾನ. 90 ಮಿ.ಮೀ. ಸ್ಟ್ರೋಕ್, 180 ಮಿ.ಮೀ. ಕನೆಕ್ಟಿಂಗ್ ರಾಡ್ ಇರುವ ಎಂಜಿನ್ ಎಂದುಕೊಂಡು ಲೆಕ್ಕ ಹಾಕಿ ನೋಡಿದರೆ, ಮೇಲ್ತುದಿಯ ಆಚೀಚೆ 5 ಡಿಗ್ರಿ ತಿರುಗಿದಾಗ ಪಿಸ್ಟನ್ ಇಳಿಯುವುದು ಸುಮಾರು 0.2 ಮಿ.ಮೀ. ಮಾತ್ರ. ಅದೇ ಪಿಸ್ಟನ್ 38 ಡಿಗ್ರಿಯ ಹತ್ತಿರ ಒಂದೊಂದು ಡಿಗ್ರಿಗೂ ಅರ್ಧ ಮಿ.ಮೀ.ಗಿಂತ ಹೆಚ್ಚು ಸರಿಯುತ್ತದೆ. ತೊಟ್ಟಿಲು ತೂಗಿದವರಿಗೆ ಇದು ಗೊತ್ತು: ನಡುವಿನಲ್ಲಿ ರಭಸವಾಗಿ ಸಾಗುವ ತೊಟ್ಟಿಲು ಎರಡೂ ತುದಿಗಳಲ್ಲಿ ಅರೆಗಳಿಗೆ ತಡೆದು ನಿಂತಂತೆ ಕಾಣುತ್ತದೆ, ಅದು ನಿಂತ ಕ್ಷಣವನ್ನು ಬೆರಳಿಟ್ಟು ತೋರಿಸುವುದು ಯಾರಿಗೂ ಸಾಧ್ಯವಿಲ್ಲ. ಕಡ್ಡಿಯನ್ನು ನಂಬಿದವರು ಅಲ್ಲಿಯೇ ಐದು ಡಿಗ್ರಿ ಕಳೆದುಕೊಂಡಿರುತ್ತಾರೆ.

ಆದ್ದರಿಂದ ಮೇಲ್ತುದಿಯನ್ನು ಹುಡುಕಲೇಬೇಡಿ, ಅದರ ಎರಡೂ ಮಗ್ಗುಲುಗಳನ್ನು ಹುಡುಕಿ. ಪ್ಲಗ್ ಜಾಗಕ್ಕೆ ಪಿಸ್ಟನ್ ತಡೆಯುವ ಬೋಲ್ಟ್ ತಿರುಗಿಸಿ, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಪಿಸ್ಟನ್ ತಾಗಿದಾಗ ಮುಳ್ಳು 24 ತೋರಿಸಿತು ಎಂದುಕೊಳ್ಳಿ. ಹಿಂದಕ್ಕೆ ತಿರುಗಿಸಿದಾಗ ಆ ಬದಿಯಲ್ಲಿ 30ಕ್ಕೆ ತಾಗಿತು. ಹಾಗಿದ್ದರೆ ಎರಡೂ ಕಡೆ 27 ಬರುವಂತೆ ಮುಳ್ಳನ್ನು ಸರಿಸಿದರಾಯಿತು, ನಿಜವಾದ ಸೊನ್ನೆ ಸಿಕ್ಕಿತು. ಪಿಸ್ಟನ್ ಚುರುಕಾಗಿ ಚಲಿಸುವ ಜಾಗದಲ್ಲಿ ಅಳೆದಿದ್ದರಿಂದ ತಪ್ಪಿಗೆ ಎಡೆಯೇ ಉಳಿಯುವುದಿಲ್ಲ. ಮುಂದಿನ ಕೆಲಸಕ್ಕೆ ಮೊದಲು ಆ ಬೋಲ್ಟ್ ತೆಗೆಯಿರಿ.

[ದೃಶ್ಯ: ಪಾಯಿಂಟ್‌ಗಳ ನಡುವೆ ಸಿಗರೇಟು ಕಾಗದ]

ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಮೊದಲೇ ಸರಿಮಾಡಿಕೊಳ್ಳಿ, ಏಕೆಂದರೆ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗೂ ಮುಂದಾಗುತ್ತದೆ. ಕೈಪಿಡಿಯ ಅಂಕಿ ಪೂರ್ತಿ ಅಡ್ವಾನ್ಸಿನದಾಗಿದ್ದರೆ, ಕಿಡಿಯನ್ನು ಬೇಗ (ಅಡ್ವಾನ್ಸ್) ಅಥವಾ ತಡವಾಗಿ (ರಿಟಾರ್ಡ್) ಹಾರಿಸುವ ಲಿವರನ್ನೂ ಪೂರ್ತಿ ಅಡ್ವಾನ್ಸಿಗೆ ತನ್ನಿ. ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕಿನಲ್ಲಿ, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ ಬೇಕಾದ ಡಿಗ್ರಿಗೆ ನಿಲ್ಲಿಸಿ. ಹಿಂದೆಮುಂದೆ ಆಡಿಸಿದರೆ ಗೇರುಗಳ ನಡುವಿನ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಪಾಯಿಂಟ್‌ಗಳ ನಡುವೆ ಸಿಗರೇಟು ಕಾಗದವನ್ನು ಇಟ್ಟು ಹಗುರವಾಗಿ ಎಳೆಯುತ್ತಿರಿ. ಬಿಗಿಯಾಗಿ ಹಿಡಿದಿದ್ದ ಕಾಗದ ಯಾವ ಗಳಿಗೆಯಲ್ಲಿ ಹರಿಯದೆ ಜಾರಿ ಕೈಗೆ ಬರುತ್ತದೋ ಅದೇ ಕಿಡಿಯ ಗಳಿಗೆ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಎಂಜಿನ್ನಿನಲ್ಲಿ ಅಲ್ಲಿನ 1 ಡಿಗ್ರಿ ತಪ್ಪು ಕ್ರ್ಯಾಂಕಿನಲ್ಲಿ 2 ಡಿಗ್ರಿಯಾಗುತ್ತದೆ. ಗೇರನ್ನು ಜರುಗದಂತೆ ಹಿಡಿಯುವ ಕೀ ಎಂಬ ಸಣ್ಣ ಲೋಹದ ತುಂಡು ಇಲ್ಲದ, ತುದಿ ಚೂಪಾಗುತ್ತಾ ಹೋಗುವ ಟೇಪರ್ ಶಾಫ್ಟಿನ ಗೇರು ನಟ್ ಬಿಗಿಯುವಾಗಲೇ ತುಸು ಜರುಗಬಲ್ಲದು, ಆದ್ದರಿಂದ ಬಿಗಿದ ಮೇಲೆ ಕಾಗದದ ಪರೀಕ್ಷೆಯನ್ನು ತಪ್ಪದೆ ಮತ್ತೊಮ್ಮೆ ಮಾಡಿ. ಏರಿನಲ್ಲಿ ಎಂಜಿನ್ ಕಟಕಟ ಎಂದರೆ ಟೈಮಿಂಗ್ ಮುಂದಾಗಿರಬಹುದು. ಎಳೆತ ಕುಗ್ಗಿ ಎಕ್ಸಾಸ್ಟ್ ಪೈಪ್ ವಿಪರೀತ ಕಾದರೆ ಹಿಂದುಳಿದಿರಬಹುದು. ಇನ್ನು ಪ್ಲಗ್ ಹಾಕಿ, ಲಿವರನ್ನು ರಿಟಾರ್ಡಿಗೆ ತಂದು, ಮೊದಲ ಕಿಕ್ ಹೊಡೆಯಿರಿ.